ಬಾಗಿಲು ಮುಚ್ಚಿಸುವವರಿಗೂ ಕಾನೂನಿದೆ

ಲಾಕ್‌ಡೌನ್ ಮುಗಿದು ವರ್ಷಗಳಾದವು. ಆದರೂ ಆದೇಶ ಮೀರಿ ಸಲೂನ್ ತೆರೆದು ಜೈಲಿಗೆ ಹೋದ ಅಮೆರಿಕದ ಟೆಕ್ಸಸ್‌ನ ಶೆಲ್ಲಿ ಲೂಥರ್ ಹೆಸರು ಹೇಳಿ, "ನಮ್ಮ ವ್ಯಾಪಾರಿಗಳಿಗೂ ಆ ಎದೆಗಾರಿಕೆ ಇರಬೇಕಿತ್ತು" ಎನ್ನುವವರು ಈಗಲೂ ಸಿಗುತ್ತಾರೆ. ನಾನೂ ಸಣ್ಣ ವ್ಯಾಪಾರಿಯೇ. ಆ ಹೊತ್ತಿನ ಸಂಕಟ ನನಗೆ ಗೊತ್ತು. ಹಾಗಿದ್ದೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂದು ಬಿಡಿಸಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

2020ರ ಏಪ್ರಿಲ್ ಕೊನೆ. ಟೆಕ್ಸಸ್‌ನಲ್ಲಿ ಸಲೂನ್‌ಗಳು ಮುಚ್ಚಿರಬೇಕೆಂಬ ಆದೇಶ ಜಾರಿಯಲ್ಲಿದ್ದಾಗಲೇ ಲೂಥರ್ ಡಲ್ಲಾಸ್‌ನಲ್ಲಿದ್ದ ತಮ್ಮ ಸಲೂನ್ ತೆರೆದರು. ಕೂಡಲೇ ಮುಚ್ಚಿ ಎಂದು ಕೌಂಟಿ (ನಮ್ಮ ಜಿಲ್ಲೆಯಂತೆ) ಆಡಳಿತದ ಮುಖ್ಯಸ್ಥ ಕ್ಲೇ ಜೆಂಕಿನ್ಸ್ ಕಳಿಸಿದ ಪತ್ರವನ್ನು ಒಂದು ಸಭೆಯಲ್ಲಿ ಎಲ್ಲರೆದುರು ಹರಿದುಹಾಕಿದರು. ಆಮೇಲೆ ನ್ಯಾಯಾಲಯದ ತಡೆಯಾಜ್ಞೆ ಬಂತು. ಅದಕ್ಕೂ ಜಗ್ಗಲಿಲ್ಲ. ಮೇ 5ರಂದು ನ್ಯಾಯಾಧೀಶ ಎರಿಕ್ ಮೊಯೆ ಅವರು, ತಪ್ಪೊಪ್ಪಿಕೊಂಡು ಕ್ಷಮೆ ಕೇಳಿ, ಅನುಮತಿ ಸಿಗುವವರೆಗೆ ಬಾಗಿಲು ಹಾಕಿದರೆ ದಂಡದಲ್ಲೇ ಮುಗಿಸಬಹುದು ಎಂದು ದಾರಿ ತೋರಿಸಿದರು. ಮಕ್ಕಳಿಗೆ ಅನ್ನ ಹಾಕುವುದು ಸ್ವಾರ್ಥವಲ್ಲ ಎಂದು ಆಕೆ ಉತ್ತರ ಕೊಟ್ಟರು. ನ್ಯಾಯಾಂಗ ನಿಂದನೆಗಾಗಿ ಏಳು ದಿನಗಳ ಜೈಲು, 7,000 ಡಾಲರ್ ದಂಡ ಬಿತ್ತು.

ಆ ಉತ್ತರ ನನ್ನ ಕರುಳಿಗೂ ತಾಗಿದೆ. ನಮ್ಮದು ಲಗ್ನಪತ್ರಿಕೆ ಅಚ್ಚು ಮಾಡುವ ಸಣ್ಣ ಮುದ್ರಣಾಲಯ. ಏಪ್ರಿಲ್, ಮೇ ಎಂದರೆ ನಮಗೆ ಸುಗ್ಗಿ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ, ಅರಿಶಿನ ಹಚ್ಚಿದ ಮೂಲೆಯ, ಗಣಪತಿಯ ಚಿತ್ರದ ಪತ್ರಿಕೆಗಳ ಕಟ್ಟುಗಳು ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಮುಹೂರ್ತದ ದಿನಾಂಕಗಳು ಒಂದೊಂದಾಗಿ ಕಳೆದುಹೋದವು. ಪತ್ರಿಕೆ ಒಯ್ಯುವವರು ಬರಲಿಲ್ಲ, ಬಾಕಿ ಹಣವೂ ಬರಲಿಲ್ಲ. ಕಾಗದದ ಅಂಗಡಿಯವನ ಸಾಲ, ಮಳಿಗೆಯ ಬಾಡಿಗೆ, ಇಬ್ಬರು ಕೆಲಸಗಾರರ ಸಂಬಳ ಮಾತ್ರ ಯಾವ ಆದೇಶಕ್ಕೂ ನಿಲ್ಲಲಿಲ್ಲ. ಪಕ್ಕದ ಕ್ಷೌರದಂಗಡಿಯವರು ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಬಂದ ಗಿರಾಕಿಗೆ ಬ್ಯಾಟರಿ ದೀಪದಲ್ಲಿ ಗಡ್ಡ ಕೆರೆಯುತ್ತಿದ್ದುದನ್ನು ನೋಡಿದ್ದೇನೆ. ಬೀದಿಯ ಕೊನೆಯಲ್ಲಿ ಜೀಪಿನ ಸದ್ದು ಕೇಳಿದರೆ ಕತ್ತಿ ಹಿಡಿದ ಕೈ ನಿಲ್ಲುತ್ತಿತ್ತು. ಅವರನ್ನು ಅಪರಾಧಿ ಎಂದು ಕರೆಯಲು ನನಗೆ ಇವತ್ತಿಗೂ ನಾಲಗೆ ಬರುವುದಿಲ್ಲ.

ಹೊಟ್ಟೆಪಾಡಿಗೆ ಕದ್ದುಮುಚ್ಚಿ ಶಟರ್ ಎತ್ತುವುದೇ ಬೇರೆ, ನ್ಯಾಯಾಲಯದ ಆಜ್ಞೆ ನನಗೆ ಲೆಕ್ಕಕ್ಕಿಲ್ಲ ಎಂದು ಸಾರುವುದೇ ಬೇರೆ. ಮೊದಲನೆಯದು ಕಷ್ಟ. ಎರಡನೆಯದು, ಯಾರು ಕೊಟ್ಟ ತೀರ್ಪಾದರೂ ನನಗಿಷ್ಟವಾದರೆ ಮಾತ್ರ ಪಾಲಿಸುತ್ತೇನೆ ಎನ್ನುವ ಹಟ. ನಾಳೆ ನನ್ನ ಬಾಕಿದಾರನ ಮೇಲೆ ನಾನು ಗೆದ್ದ ತೀರ್ಪನ್ನು ಅವನೂ ಹೀಗೆಯೇ ಹರಿದುಹಾಕಿದರೆ ನನ್ನ ಗತಿ ಏನು? ಹಣಬಲ, ಜನಬಲ ಇಲ್ಲದ ನಮ್ಮಂಥವರಿಗೆ ನ್ಯಾಯಾಲಯದ ಕಾಗದವೊಂದೇ ಬಲ.

ಡಲ್ಲಾಸ್‌ನಲ್ಲಿ ಆಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಸಲೂನ್ ಮುಚ್ಚಿಸಿದ್ದು ರಾಜ್ಯಪಾಲ ಗ್ರೆಗ್ ಅಬಾಟ್ ಅವರದೇ ಆದೇಶ. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಚುನಾಯಿತರಾಗಿ ಸರ್ಕಾರ ನಡೆಸುವವರು. ಮೀರಿದವರಿಗೆ 180 ದಿನಗಳವರೆಗೆ ಜೈಲು ಎಂಬ ಬೆದರಿಕೆಯೂ ಅದರಲ್ಲೇ ಇತ್ತು. ಲೂಥರ್ ಜೈಲು ಸೇರಿ ಗಲಾಟೆ ಎದ್ದದ್ದೇ ತಡ, ಮೇ 7ರಂದು ಅಬಾಟ್ ಜೈಲಿನ ಮಾತನ್ನು ಕಿತ್ತುಹಾಕಿ, ಬದಲಾವಣೆ ಏಪ್ರಿಲ್ 2ರಿಂದಲೇ ಅನ್ವಯ ಎಂದರು. ಕೊಟ್ಟ ಶಿಕ್ಷೆ ತನ್ನ ಆದೇಶದಿಂದಲೇ ಹುಟ್ಟಿದ್ದು ಎಂಬ ಹೊಣೆಯನ್ನು ಅವರು ಹೊರಲಿಲ್ಲ. ಅದೇ ದಿನ ರಾಜ್ಯದ ಸುಪ್ರೀಂ ಕೋರ್ಟ್ ಆಕೆಯ ಬಿಡುಗಡೆಗೆ ಆದೇಶಿಸಿತು. ಉಪ ರಾಜ್ಯಪಾಲರು ದಂಡ ತಾವೇ ಕಟ್ಟುವುದಾಗಿ ಹೇಳಿದರು. ಮರುದಿನ ಸೆನೆಟರ್, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಯ ಸದಸ್ಯ, ಟೆಡ್ ಕ್ರೂಝ್ ಅದೇ ಸಲೂನ್‌ಗೆ ಹೋಗಿ ಕೂದಲು ಕತ್ತರಿಸಿಕೊಂಡರು. ಆಕೆಗಾಗಿ ಜನ ಐದು ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಕೊಟ್ಟಿದ್ದರು. 2024ರಲ್ಲಿ ಆಕೆ ಟೆಕ್ಸಸ್ ಶಾಸನಸಭೆಗೆ ಆಯ್ಕೆಯಾದರು. ಇಡೀ ಆಳುವ ಪಕ್ಷವೇ ಬೆನ್ನಿಗೆ ನಿಂತಿರುವಾಗ ಅದನ್ನು ಪ್ರಭುತ್ವದ ವಿರುದ್ಧ ಒಂಟಿ ಹೋರಾಟ ಎನ್ನಲು ನನ್ನಿಂದಾಗದು.

ಅದೇ ಟೆಕ್ಸಸ್‌ನ ಗಡಿ ಊರು ಲರೇಡೊ. ಅಲ್ಲಿ ಇಬ್ಬರು ಹೆಂಗಸರು ಮನೆಯಿಂದಲೇ ಉಗುರು, ರೆಪ್ಪೆಗಳ ಅಲಂಕಾರ ಮಾಡಿಕೊಡುತ್ತೇವೆ ಎಂದು ಜಾಲತಾಣದಲ್ಲಿ ಹಾಕಿದ್ದಕ್ಕೆ, ಏಪ್ರಿಲ್ ಮಧ್ಯದಲ್ಲೇ ಪೊಲೀಸರು ಗಿರಾಕಿಗಳಂತೆ ಹೋಗಿ ಹಿಡಿದಿದ್ದರು. ಆಗ ಯಾವ ಸೆನೆಟರೂ ಅವರ ಮನೆಗೆ ಹೋಗಲಿಲ್ಲ. ಡಲ್ಲಾಸ್‌ನ ಗದ್ದಲವಾದ ಮೇಲೆಯೇ ರಾಜ್ಯಪಾಲರ ಹೇಳಿಕೆಯಲ್ಲಿ ಅವರ ಪ್ರಸ್ತಾಪ ಬಂದದ್ದು. ಕಾನೂನು ಎಲ್ಲರಿಗೂ ಒಂದೇ ಎನ್ನುವುದಾದರೆ ನಾವು ಮೊದಲು ನೆನೆಯಬೇಕಾದವರು ಆ ಇಬ್ಬರು.

ಹಾಗಾದರೆ ಅನ್ಯಾಯದ ಆದೇಶವನ್ನು ಬಾಯಿಮುಚ್ಚಿಕೊಂಡು ಸಹಿಸಬೇಕೇ? ಖಂಡಿತ ಬೇಡ. ಅಮೆರಿಕದ ಇನ್ನೊಂದು ರಾಜ್ಯ ಮಿಶಿಗನ್‌ನ ಒವಾಸೊ ಎಂಬ ಸಣ್ಣ ಊರಿನಲ್ಲಿ 77 ವರ್ಷದ ಕ್ಷೌರಿಕ ಕಾರ್ಲ್ ಮ್ಯಾಂಕಿ ಕೂಡ ಅದೇ ಮೇ ತಿಂಗಳಲ್ಲಿ ಅಂಗಡಿ ತೆರೆದರು. ಅವರ ಪರವಾನಗಿಯನ್ನು ಸರ್ಕಾರ ಅಮಾನತು ಮಾಡಿತು. ಅಂಗಡಿ ಮುಚ್ಚಿಸಬೇಕೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದನ್ನು ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರದ್ದುಮಾಡಿತು. ಬೇರೆಯವರು ಹೂಡಿದ್ದ ಇನ್ನೊಂದು ಪ್ರಕರಣದಲ್ಲಿ ಅಕ್ಟೋಬರ್ 2ರಂದು, ಏಪ್ರಿಲ್ 30ರ ನಂತರ ರಾಜ್ಯಪಾಲೆ ಗ್ರೆಚೆನ್ ವಿಟ್ಮರ್ ಅವರಿಗೆ ತುರ್ತು ಅಧಿಕಾರವನ್ನು ಒಬ್ಬರೇ ಮುಂದುವರಿಸುವ ಹಕ್ಕು ಇರಲಿಲ್ಲ ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಕ್ಷೌರಿಕರು ಅಂಗಡಿ ತೆರೆದದ್ದು ಸೋಂಕಿನ ಲೆಕ್ಕದಲ್ಲಿ ಸರಿಯೇ ಎಂಬ ಬಗ್ಗೆ ನನಗೆ ಈಗಲೂ ತಕರಾರಿದೆ. ಆದರೆ ಆದೇಶ ಕೊಡುವ ಅಧಿಕಾರ ನಿಮಗಿದೆಯೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು, ಅದಕ್ಕೆ ಉತ್ತರ ನ್ಯಾಯಾಲಯದಿಂದಲೇ ಬರಬೇಕು. ಅದು ಮಿಶಿಗನ್‌ನಲ್ಲಿ ಆಯಿತು.

ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ಸತ್ಯಾಗ್ರಹದ ಹೆಸರು ತರುತ್ತಾರೆ. ನಮ್ಮ ಅಂಕೋಲೆಯ ಜನ 1930ರಲ್ಲಿ ಉಪ್ಪಿನ ಕಾನೂನು ಮುರಿದರು. ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕೊಡಲಿಲ್ಲ. ಅವರಿಗೆ ಮತ ಹಾಕಿ ಬದಲಿಸುವ ಸರ್ಕಾರ ಇರಲಿಲ್ಲ. ಜಮೀನು ಜಪ್ತಿಯಾಯಿತು, ಹೆಂಗಸರು ಮಕ್ಕಳು ಬೀದಿಗೆ ಬಂದರು, ಅದನ್ನೆಲ್ಲ ಅವರು ನುಂಗಿಕೊಂಡರು. ಅವರ ಹೆಸರನ್ನು ಇಲ್ಲಿ ಎಳೆದು ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನನ್ನ ಸಿಟ್ಟು ಇರುವುದು ವ್ಯಾಪಾರಿಗಳಿಗಿಂತ ಹೆಚ್ಚಾಗಿ ಅವರನ್ನು ಮುಚ್ಚಿಸಿದವರ ಮೇಲೆ. ಪಕ್ಕದ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ 2020ರ ಜೂನ್ 19ರ ಸಂಜೆ ಜಯರಾಜ್ ಅವರನ್ನು ಪೊಲೀಸರು ಠಾಣೆಗೆ ಒಯ್ದರು, ಹಿಂದೆಯೇ ಹೋದ ಮಗ ಬೆನ್ನಿಕ್ಸ್ ಅವರನ್ನೂ ಅಲ್ಲೇ ಹಿಡಿದಿಟ್ಟರು. ಮೊಬೈಲ್ ಅಂಗಡಿಯನ್ನು ಅನುಮತಿಸಿದ ಹೊತ್ತಿನಾಚೆಗೂ ತೆರೆದಿಟ್ಟಿದ್ದರು ಎಂಬುದು ಆರೋಪ. ಆ ರಾತ್ರಿ ಲಾಕಪ್ಪಿನಲ್ಲಿ ಇಬ್ಬರನ್ನೂ ಚಿತ್ರಹಿಂಸೆಗೆ ಗುರಿಮಾಡಿದರು. ಮ್ಯಾಜಿಸ್ಟ್ರೇಟರು ಹತ್ತಿರದಿಂದ ನೋಡದೆಯೇ ಕಸ್ಟಡಿಗೆ ಒಪ್ಪಿಸಿದರು ಎಂಬುದು ಕುಟುಂಬದವರ ದೂರು. 22ರ ರಾತ್ರಿ ಮಗ, 23ರ ಬೆಳಗಿನ ಜಾವ ತಂದೆ ಸತ್ತರು. ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಹೆದರಿಕೆಯ ನಡುವೆಯೂ ಕಂಡದ್ದನ್ನು ಹೇಳಿದರು. ಠಾಣೆಯನ್ನು ಕಂದಾಯ ಇಲಾಖೆಯ ಸುಪರ್ದಿಗೆ ಒಪ್ಪಿಸಲು ಮದ್ರಾಸ್ ಹೈಕೋರ್ಟ್ ಸೂಚಿಸಬೇಕಾಯಿತು. ಅಂಗಡಿ ತಡವಾಗಿ ಮುಚ್ಚಿದ ಆರೋಪಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ವರ್ಷದ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಶಿಕ್ಷೆ ಕೊಡಬೇಕಾದದ್ದೂ ನ್ಯಾಯಾಲಯ. ಆ ರಾತ್ರಿ ಲಾಠಿ ಬೀಸಿದವರಷ್ಟು ದೊಡ್ಡ ಕಾನೂನುಭಂಗವನ್ನು ಯಾವ ವ್ಯಾಪಾರಿಯೂ ಮಾಡಿಲ್ಲ.

ನಮ್ಮಲ್ಲಿಯೂ ನೋಡಿ. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಏರುತ್ತಿದ್ದಾಗ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆಗಳಿಗೆ ಪ್ರಚಾರ ನಡೆಯಿತು. ಮತದಾನ ಮುಗಿದ ಹತ್ತು ದಿನಕ್ಕೆ ಇಡೀ ರಾಜ್ಯ ಬಾಗಿಲು ಹಾಕಿತು, ಅಗತ್ಯ ವಸ್ತುಗಳ ಅಂಗಡಿಗೂ ಬೆಳಿಗ್ಗೆ 6ರಿಂದ 10 ಅಷ್ಟೇ. 2022ರ ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಎಂದು ನಾವೆಲ್ಲ ಶಟರ್ ಇಳಿಸಿ ಕೂತಿದ್ದಾಗ ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಪ್ರಶ್ನಿಸಿದ ಮೇಲೆಯೇ ಅದು ನಿಂತದ್ದು. ಆಳುವವರೂ ಆಳಬಯಸುವವರೂ ಹೀಗೆ ನಡೆದುಕೊಂಡ ಮೇಲೆ ಕ್ಷೌರದಂಗಡಿಯವರಿಗೆ ಶಿಸ್ತಿನ ಪಾಠ ಹೇಳಲು ಯಾವ ಮುಖ ಉಳಿಯುತ್ತದೆ?

ಪರಿಹಾರದ ಮಾತಿಗೆ ಬರೋಣ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಎಂದಿತು. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಬಾಗಿಲು ಮುಚ್ಚಿದ್ದು ಮಾರ್ಚ್‌ನಲ್ಲಿ, ಘೋಷಣೆ ಬಂದದ್ದು ಮೇನಲ್ಲಿ. ಅದನ್ನು ದೊರೆಯ ಔದಾರ್ಯದಂತೆ ಕೊಟ್ಟರೇ ಹೊರತು ಹಕ್ಕಿನ ಬಾಕಿಯಂತೆ ಕೊಡಲಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನೇ ತೆರೆದು ನೋಡಿ. ವಿಪತ್ತಿನ ಸಮಯದಲ್ಲಿ ಸರ್ಕಾರ ನಿಮ್ಮ ಕಟ್ಟಡವನ್ನೋ ವಾಹನವನ್ನೋ ವಶಪಡಿಸಿಕೊಳ್ಳಲು 65ನೇ ಕಲಮು ಅವಕಾಶ ಕೊಡುತ್ತದೆ. ಹಾಗೆ ತೆಗೆದುಕೊಂಡರೆ ಪರಿಹಾರ ಕೊಡಲೇಬೇಕು ಎನ್ನುತ್ತದೆ 66ನೇ ಕಲಮು. ನನ್ನ ವ್ಯಾನನ್ನು ಒಯ್ದರೆ ಬಾಡಿಗೆ ಕೊಡಬೇಕು, ಸಾರ್ವಜನಿಕರ ಒಳಿತಿಗಾಗಿ ನನ್ನ ಅಂಗಡಿಯನ್ನೇ ತಿಂಗಳುಗಟ್ಟಲೆ ಮುಚ್ಚಿಸಿದರೆ ಏನೂ ಕೊಡಬೇಕಿಲ್ಲ. ಈ ಕಲಮಿನ ಪಕ್ಕದಲ್ಲಿ ಇನ್ನೊಂದು ಬರಲಿ: ಅಂಗಡಿ ಮುಚ್ಚಿಸುವ ಪ್ರತಿ ಆದೇಶದಲ್ಲೂ ಎಷ್ಟು ದಿನ, ಯಾವ ಕಾರಣಕ್ಕೆ, ಬಾಡಿಗೆ ಮತ್ತು ಸಂಬಳಕ್ಕೆ ಎಷ್ಟು, ಯಾವ ದಿನದೊಳಗೆ ಎಂಬುದು ಬರೆದಿರಬೇಕು. ವ್ಯಾಪಾರಿ ಸಂಘಗಳು, ಹೋಟೆಲ್ ಸಂಘಗಳು, ಸವಿತಾ ಸಮಾಜದವರು ಒಟ್ಟಾಗಿ ಈ ತಿದ್ದುಪಡಿಯನ್ನು ಈಗಲೇ ಕೇಳಬೇಕು. ಅರ್ಜಿಯ ಕರಡು ಬರೆಯಲು ನಾನು ಸಿದ್ಧನಿದ್ದೇನೆ, ಅಚ್ಚು ಮಾಡಿಕೊಡುವ ಖರ್ಚೂ ನನ್ನದೇ.