ಅರವತ್ತಮೂರು ಹಸಿರು, ಒಂದು ಕೆಂಪು

ಇಇಜಿ, ಅಂದರೆ ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಪ್ರಯೋಗ ಅಂದರೆ ಹಗಲೆಲ್ಲ ಮಿದುಳಿನ ಚಿಂತನೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಆದರೆ ಪೋಸ್ಟ್‌ಡಾಕ್‌ಗಳ (ಪಿಎಚ್‌ಡಿ ಮುಗಿಸಿದ ಸಂಶೋಧಕರ) ಹೊತ್ತು ಹೋಗುವುದು ಕೂದಲು ಸರಿಸುವುದರಲ್ಲಿ!

ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಮತ್ತೆ ಕಿವಿಯಿಂದ ಕಿವಿಗೆ ಟೇಪು ಹಿಡಿದು ನಡುನೆತ್ತಿ ಗುರುತಿಸಿ ಟೋಪಿ ಕೂರಿಸಬೇಕು. ಆಮೇಲೆ ಟೋಪಿಯ 64 ತೂತುಗಳಲ್ಲೂ, ಅಂದರೆ ಸಂಕೇತ ಹಿಡಿಯುವ ಒಂದೊಂದು ಎಲೆಕ್ಟ್ರೋಡ್‌ನಲ್ಲೂ, ಮೊಂಡುಸೂಜಿ ಇಳಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ಜೆಲ್ ತುಂಬಬೇಕು. ಇಂಪೀಡೆನ್ಸ್ (ಚರ್ಮ, ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 10 ಕಿಲೋಓಮ್‌ಗಿಂತ ಕೆಳಗಿಳಿದರೆ ಪರದೆಯಲ್ಲಿ ಹಸಿರು. 63 ಇಳಿಯುತ್ತವೆ. ಒಂದು ಜಪ್ಪಯ್ಯ ಅಂದರೂ ಇಳಿಯುವುದಿಲ್ಲ.

ಸಿಟ್ಟಿಗೆ ಇನ್ನಷ್ಟು ಜೆಲ್ ಸುರಿದಿರೋ, ಕೆಟ್ಟಿರಿ. ಅದು ಟೋಪಿಯಡಿ ಹರಿದು ಪಕ್ಕದ ಎಲೆಕ್ಟ್ರೋಡ್‌ಗೆ ಸೇತುವೆ ಕಟ್ಟುತ್ತದೆ. ಎರಡು ಚಾನಲ್‌ಗಳೂ ಒಂದೇ ಗೆರೆ ಎಳೆಯುತ್ತವೆ. ಇಂಪೀಡೆನ್ಸ್ ಮಾತ್ರ ಹಸಿರೇ ತೋರಿಸುತ್ತದೆ, ಅದೇ ಮೋಸ. ಬೇಕಾದದ್ದು ಹೆಚ್ಚು ಜೆಲ್ ಅಲ್ಲ, ಕೂದಲನ್ನು ಇನ್ನೊಮ್ಮೆ ಸರಿಸುವುದು. ಎಲ್ಲವೂ ಒಟ್ಟಿಗೆ ಕೆಂಪಾದರೆ ಮೊದಲು ಉಳಿದವೆಲ್ಲ ಆಧರಿಸುವ ಗ್ರೌಂಡ್, ರೆಫರೆನ್ಸ್ ಎಲೆಕ್ಟ್ರೋಡ್‌ಗಳನ್ನು ನೋಡಿ.

ಇಷ್ಟಾದ ಮೇಲೆ ಟೋಪಿ ಹಾಕಿ ಕೂತವರು ಕಣ್ಣು ಮಿಟುಕಿಸುತ್ತಾರೆ. ನಾವು ಹುಡುಕುವ ಸಂಕೇತ ಕೆಲವೇ ಮೈಕ್ರೋವೋಲ್ಟ್. ಒಂದು ಮಿಟುಕು ನೂರರ ಆಸುಪಾಸು. ಅರ್ಧ ಗಂಟೆಯಲ್ಲಿ ತೂಕಡಿಕೆ ಬೇರೆ, 8ರಿಂದ 12 ಹರ್ಟ್ಸ್‌ನ ಆಲ್ಫಾ ಎಂಬ ಮಿದುಳಿನ ಅಲೆ ಪರದೆ ತುಂಬ. ಪಾಪ, ಅವರ ತಪ್ಪೇನಿಲ್ಲ.

ಕೊನೆಗೆ ಟೋಪಿ ತೊಳೆಯುವ ಶಿಕ್ಷೆ. ತಡಮಾಡಿದರೆ ಜೆಲ್ ತೂತಿನಲ್ಲೇ ಒಣಗಿ ಗಟ್ಟಿಯಾಗುತ್ತದೆ. ಹಲ್ಲುಜ್ಜುವ ಬ್ರಶ್ಶು, ಬೆಚ್ಚನೆ ನೀರು, 64 ತೂತು. ಕನೆಕ್ಟರ್‌ಗೆ ನೀರು ತಾಗಿತೋ, ನಾಳೆ ಬರೀ ಕೆಂಪು.