ತಡಮೆ ಇರಲಿ, ಬೋರ್ಡೂ ಇರಲಿ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ತೋಟದ ಸುರಂಗದ ಬಾಯಲ್ಲಿ ಮೂವರು ಹುಡುಗರು ಮೊಬೈಲ್ ಹಿಡಿದು ನಿಂತಿದ್ದರು. ಗುರುತಿಲ್ಲದವರು. ಇನ್ನೊಬ್ಬ ಆಗಲೇ ಒಳಗೆ ಹೋಗಿದ್ದ. ಅವನ ಟಾರ್ಚ್ ಬೆಳಕು ಮಾತ್ರ ಕಾಣುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಸುರಂಗ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ ಅದು. ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಒಳಗೆ ಗಾಳಿ ಕಡಿಮೆ, ಮಣ್ಣು ಕುಸಿಯಬಹುದು, ಹಾವೂ ಇರಬಹುದು. ಕೆಸರು ತೆಗೆಯಲು ನಾವು ಹೋಗುವಾಗಲೂ ಹೊರಗೆ ಒಬ್ಬರು ನಿಂತಿರಲೇಬೇಕು. ನಮ್ಮ ಮನೆಯ ಕುಡಿಯುವ ನೀರೂ ಅದರದ್ದೇ.

ಕೂಗಿ ಹೊರಗೆ ಕರೆದೆ. "ಬೋರ್ಡ್ ಇರಲಿಲ್ಲವಲ್ಲ ಚೇಟ್ಟಾ (ಅಣ್ಣಾ)" ಅಂದರು. ಆ ಮಾತು ನಿಜ.

ವಿಷಯ ಕೇಳಿದ ಬಂಧುಗಳೊಬ್ಬರು "ಬೇಲಿಗೆ ಕರೆಂಟ್ ಕೊಡು ಮಾರಾಯ" ಎಂದರು. ಖಂಡಿತ ಬೇಡ. ಮನೆಯ ಲೈನಿನಿಂದ ತಂತಿಗೆ ಕರೆಂಟ್ ಕೊಟ್ಟರೆ ಜೀವ ಹೋಗುತ್ತದೆ, ಅದು ಅಪರಾಧ ಕೂಡ. ಬಿಟ್ಟು ಬಿಟ್ಟು ಸಣ್ಣ ಹೊಡೆತ ಕೊಡುವ ಸೋಲಾರ್ ಬೇಲಿ ಬೇರೆ. ಅದು ಹಂದಿಗೆ. ಮನುಷ್ಯರಿಗೆ ಬಾಯಿಮಾತು ಸಾಕು, ಅಲ್ವಾ?

ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಸುಮ್ನೆ ಕಾಲಿಟ್ಟ ಮಾತ್ರಕ್ಕೆ ಕೇಸ್ ನಿಲ್ಲುವುದಿಲ್ಲ. ಅಪರಾಧ ಮಾಡುವ, ಹೆದರಿಸುವ ಅಥವಾ ಪೀಡಿಸುವ ಉದ್ದೇಶ ಇರಬೇಕು. ಬೋರ್ಡ್ ಇದ್ದರೆ "ಗೊತ್ತಿರಲಿಲ್ಲ" ಎನ್ನಲಾದರೂ ಆಗುವುದಿಲ್ಲ. ನಮ್ಮೂರಲ್ಲಿ ಅದು ಕನ್ನಡ, ಮಲಯಾಳ ಎರಡರಲ್ಲೂ ಇರಬೇಕು. ಕನ್ನಡ ಓದಲು ಬಾರದವರೇ ಜಾಸ್ತಿ ಬರುತ್ತಾರೆ.

ಸುರಂಗದ ಬಾಯಿಗೆ ಕಬ್ಬಿಣದ ಗೇಟ್ ಮಾಡಲು ಹೇಳಿದ್ದೇನೆ. ಮಳೆ ಹಿಡಿದ ಕೂಡಲೇ ರಸ್ತೆ ಬದಿಗೆ ಗೊಬ್ಬರದ ಗಿಡದ ಗೂಟ ಊರುತ್ತೇನೆ. ಬೇಲಿಯೂ ಆಯಿತು, ಅಡಿಕೆ ಬುಡಕ್ಕೆ ಸೊಪ್ಪೂ ಆಯಿತು.

ಆದರೆ ಕೆಳಗಿನ ತಡಮೆ, ಅಂದರೆ ಬೇಲಿ ದಾಟಲು ಬಿಟ್ಟ ಕಿರುದಾರಿ, ಮುಚ್ಚುವುದಿಲ್ಲ. ಪಕ್ಕದ ಮನೆಯ ಅಕ್ಕ ಹಾಲು ಕೊಡಲು ಹೋಗುವುದು, ಮಕ್ಕಳು ಶಾಲೆ ಬಸ್ಸಿಗೆ ಓಡುವುದು ಅದೇ ದಾರಿಯಲ್ಲಿ. ನಾನು ಹುಟ್ಟುವ ಮೊದಲೇ ಇದ್ದ ದಾರಿ. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗ ಬಳಸುವ ಹಕ್ಕಿನ) ಕಾಯ್ದೆಯಲ್ಲಿ, 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ನಡೆದ ದಾರಿ ಹಕ್ಕೇ ಆಗುತ್ತದೆ. ಕಾಯ್ದೆ ಇಲ್ಲದಿದ್ದರೂ ಅದನ್ನು ಮುಚ್ಚಲು ನನಗೆ ಮನಸ್ಸು ಬಾರದು.

ಸುರಂಗ ನೋಡುವ ಆಸೆ ಇರುವವರು ಮೊದಲು ಮನೆ ಅಂಗಳಕ್ಕೆ ಬಂದು ಕರೆಯಿರಿ. ಬೆಲ್ಲ, ನೀರು ಕೊಟ್ಟು ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಒಳಗೆ ಮಾತ್ರ ಬಿಡುವುದಿಲ್ಲ.