ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರು ಹತ್ತುವವರಿಗೆ

ನಿನ್ನೆ ಬೆಳಿಗ್ಗೆ ತಿಪಟೂರು ದಾಟಿದ ಮೇಲೆ ಬಿ.ಎಚ್. ರಸ್ತೆಯ ಪಕ್ಕದ ಹೋಟೆಲೊಂದರ ಅಂಗಳದಲ್ಲಿ ಕಂಡದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ನಮ್ಮ ಬೆಕ್ಕುಗಳು ಸೀನು ಮತ್ತು ಬೆಳ್ಳಿ ನಿಮಗೆಲ್ಲ ಪರಿಚಿತರೇ. ವರ್ಷಕ್ಕೆ ನಾಲ್ಕೈದು ಬಾರಿ ಅವರಿಬ್ಬರೂ ಬೆಂಗಳೂರಿನಿಂದ ಸಾಗರದ ನಮ್ಮ ಮನೆಗೆ ನಮ್ಮೊಂದಿಗೇ ಕಾರಿನಲ್ಲಿ ಬರುತ್ತಾರೆ. ನಿನ್ನೆಯೂ ಹಾಗೆಯೇ ಹೊರಟಿದ್ದೆವು. ನಮ್ಮವರು ಒಳಗೆ ತಿಂಡಿ ತಿನ್ನುತ್ತಿದ್ದರು, ನಾನು ಎ.ಸಿ. ಹಾಕಿಕೊಂಡು ಕಾರಿನಲ್ಲಿ ಬೆಕ್ಕುಗಳ ಬಳಿ ಕೂತಿದ್ದೆ. ಬೆಕ್ಕು ಜೊತೆಗಿರುವಾಗ ನಾವು ಸರದಿಯ ಮೇಲೆ ತಿನ್ನುವವರು.

ಆಗ ಪಕ್ಕದಲ್ಲಿ ಒಂದು ಕಾರು ಬಂದು ನಿಂತಿತು. ಹಿಂದಿನ ಬಾಗಿಲು ತೆರೆದು ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಬೆಕ್ಕನ್ನು ಎದೆಗೆ ಅವುಚಿಕೊಂಡು ಇಳಿಯುವುದಕ್ಕೂ ರಸ್ತೆಯಲ್ಲಿ ಲಾರಿಯೊಂದು ಏರ್ ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್ ತನಕ. ಬೆಕ್ಕಿನದು 60,000ವನ್ನೂ ದಾಟುತ್ತದೆ. ನನಗೇ ಎದೆ ಝಲ್ಲೆಂದ ಆ ಸದ್ದು ಅದಕ್ಕೆ ಏನಾಗಿ ಕೇಳಿಸಿತೋ. ಮಗುವಿನ ಭುಜವನ್ನು ಮೆಟ್ಟಿ ಜಿಗಿದು, ಅವಳ ಕುತ್ತಿಗೆಯ ಮೇಲೆ ಮೂರು ಕೆಂಪು ಗೆರೆ ಎಳೆದು, ಬೆಕ್ಕು ಕಾರಿನಡಿ ಸೇರಿತು.

ನಾನು ಇಳಿದು ನಮ್ಮ ಕಾರಿನ ಬಾಗಿಲು ಭದ್ರ ಮಾಡಿ, ನೆಲಕ್ಕೆ ಬಗ್ಗಿ ನೋಡಿದೆ. ಕಂದು ಪಟ್ಟೆಯ ಸಣ್ಣ ಹೆಣ್ಣುಬೆಕ್ಕು. ಹಿಂದಿನ ಚಕ್ರಕ್ಕೆ ಬೆನ್ನೊತ್ತಿ, ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಕಣ್ಣಿನ ಬಣ್ಣವೇ ಕಾಣದಷ್ಟು ಪಾಪೆ ಅಗಲಿಸಿ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಗಲ್ಲದಿಂದ ಜೊಲ್ಲು ಎಳೆಯಾಗಿ ಇಳಿದು ಎದೆಯ ಕೂದಲೆಲ್ಲ ಒದ್ದೆಯಾಗಿತ್ತು. ನಾಯಿ ಬಾಯಿ ತೆರೆದು ಏದಿದರೆ ಅದು ದಿನದ ಮಾತು. ಬೆಕ್ಕು ಹಾಗೆ ಮಾಡಿದರೆ ಅದರ ಮೈಯಾಗಲಿ ಮನಸ್ಸಾಗಲಿ ತಾಳಿಕೊಳ್ಳುವ ಮಿತಿಯನ್ನು ದಾಟಿದೆ ಎಂದೇ ಅರ್ಥ. ಹುಡುಗಿಯ ತಂದೆ ಅದರ ಬಾಲ ಹಿಡಿದು ಎಳೆಯಲು ಕೈ ಚಾಚಿದ್ದರು. ದಯವಿಟ್ಟು ಹಾಗೆ ಎಳೆಯಬೇಡಿ ಎಂದು ತಡೆದು, ಬೆಕ್ಕನ್ನು ಒಯ್ಯುವ ಪೆಟ್ಟಿಗೆ, ಎಂದರೆ ಕ್ಯಾರಿಯರ್, ಎಲ್ಲಿದೆ ಎಂದು ಕೇಳಿದೆ.

"ಇದೆ ಮೇಡಂ, ಮನೇಲಿದೆ. ಅದರಲ್ಲಿ ಹಾಕಿದ್ರೆ ಒಂದೇ ಸಮ ಕಿರುಚುತ್ತೆ, ಪಾಪ ಅನ್ಸುತ್ತೆ. ಇದು ಮನೇಲೇ ಹುಟ್ಟಿದ್ದು, ಎಲ್ಲೂ ಹೋಗಲ್ಲ" ಎಂದರು.

ಕ್ಯಾರಿಯರ್ ಮನೆಯಲ್ಲಿದೆ. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ನಿನ್ನೆ ಮತ್ತೊಮ್ಮೆ ಕೇಳಿದಾಗ ಸಿಟ್ಟು ನೆತ್ತಿಗೇರಿತು. ಸಾವಿರ, ಎರಡು ಸಾವಿರ ಕೊಟ್ಟು ತಂದ ಪೆಟ್ಟಿಗೆ ಅಟ್ಟದ ಮೇಲಿರುತ್ತದೆ, ಬೆಕ್ಕು ಹೆದ್ದಾರಿಯಲ್ಲಿ ಯಾರದೋ ತೊಡೆಯ ಮೇಲಿರುತ್ತದೆ. ಕಿಟಕಿಯ ಗಾಜಿಗೆ ಮೂಗು ಒತ್ತಿದ ಬೆಕ್ಕಿನ ವಿಡಿಯೊಗಳು ಮೊಬೈಲಿನಲ್ಲಿ ದಿನವೂ ಬರುತ್ತವೆ, ನೋಡಿದವರೆಲ್ಲ ಹೃದಯದ ಚಿಹ್ನೆ ಒತ್ತುತ್ತಾರೆ. ಆ ಬೆಕ್ಕಿನ ಕಿವಿ ಹೇಗಿದೆ, ಪಾಪೆ ಹೇಗಿದೆ ಎಂದು ಒಂದು ಗಳಿಗೆ ನೋಡಿ. ಅದು ಊರು ನೋಡುತ್ತಿಲ್ಲ, ಹೊರಗೆ ಹೋಗುವ ದಾರಿ ಹುಡುಕುತ್ತಿದೆ.

ಗಂಟೆಗೆ 50 ಕಿ.ಮೀ. ವೇಗದ ಕಾರು ಎಲ್ಲಿಗಾದರೂ ಡಿಕ್ಕಿ ಹೊಡೆದು ತಟ್ಟನೆ ನಿಂತರೆ, ಒಳಗೆ ಬಿಡುಬೀಸಾಗಿರುವ ಬೆಕ್ಕು ಅದೇ 50 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರು ಮಹಡಿಯ ಮೇಲಿಂದ, ನೆಲಕ್ಕೆ ಬಿದ್ದಾಗ ಇರುವ ವೇಗ ಅದು. ನಾಲ್ಕು ಕೆ.ಜಿ.ಯ ಪ್ರಾಣಿಯನ್ನು ಆಗ ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಅಪಘಾತವೇ ಬೇಕಿಲ್ಲ. ಹೆದರಿದ ಬೆಕ್ಕು ಕತ್ತಲೆಯ ಮೂಲೆ ಹುಡುಕುತ್ತದೆ, ಕಾರಿನಲ್ಲಿ ಅಂಥ ಮೂಲೆಯೆಂದರೆ ಚಾಲಕನ ಕಾಲಬುಡ. ಬ್ರೇಕ್ ಒತ್ತಬೇಕಾದ ಕ್ಷಣದಲ್ಲಿ ಪೆಡಲಿನಡಿ ಬೆಕ್ಕು ಮುದುರಿ ಕೂತಿದ್ದರೆ ಆ ಕಾರಿನಲ್ಲಿರುವವರೆಲ್ಲರ ಗತಿಯೇನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್, ಪ್ರಾಣಿಯನ್ನು ನೋವಾಗುವ ರೀತಿಯಲ್ಲಿ ಸಾಗಿಸುವುದೂ ಅಪರಾಧವೆನ್ನುತ್ತದೆ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ದಂಡಕ್ಕೆ ಹೆದರಿ ಯಾರೂ ಬದಲಾಗುವುದಿಲ್ಲವೆಂಬುದು ನನಗೂ ಗೊತ್ತಿದೆ, ಆದ್ದರಿಂದಲೇ ನಿಮ್ಮ ಮನಸ್ಸಿಗೆ ನಾಟುವಂತೆ ಹೇಳಲು ಹೆಣಗುತ್ತಿದ್ದೇನೆ.

ಹೆಚ್ಚು ಜನಕ್ಕೆ ಹೇಳದ ಒಂದು ಸಂಗತಿಯಿದೆ. ಸೀನು, ಬೆಳ್ಳಿಗಿಂತ ಮೊದಲು ನಮ್ಮಲ್ಲಿ ಕೆಂಚಿ ಎಂಬ ಬೆಕ್ಕಿತ್ತು. ಅವಳು ಊರಿನಲ್ಲಿದ್ದಾಳೆ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅದು ಸುಳ್ಳು. ಅರಸೀಕೆರೆಗೆ ಇನ್ನೂ ಸ್ವಲ್ಪ ದೂರವಿರುವಾಗ ಎಳನೀರು ಕುಡಿಯಲೆಂದು ಕಾರು ನಿಲ್ಲಿಸಿ ನಾನು ಬಾಗಿಲು ತೆರೆದೆ. ಕೆಂಚಿ ನನ್ನ ತೊಡೆಯ ಮೇಲೇ ಇದ್ದಳು, ಬೆಂಗಳೂರು ಬಿಟ್ಟಾಗಿನಿಂದ ಅಲ್ಲೇ ಇದ್ದಳು. ಎಷ್ಟು ಜಾಣೆ ಎಂದು ನಾನು ದಾರಿಯುದ್ದಕ್ಕೂ ಹೊಗಳುತ್ತಿದ್ದೆ. ಜಾಣತನದಿಂದಲ್ಲ, ಭಯಕ್ಕೆ ಮರಗಟ್ಟಿ ಕೂತಿದ್ದಳೆಂಬುದು ನನಗೆ ತಿಳಿಯಲಿಲ್ಲ. ಬಾಗಿಲು ಒಂದು ಗೇಣು ತೆರೆದಿರಬಹುದು, ಅಷ್ಟೇ. ರಸ್ತೆಯಂಚಿನ ತೆಂಗಿನ ತೋಟದೊಳಗೆ ನುಗ್ಗಿದವಳ ಬಾಲದ ತುದಿ ಮಾತ್ರ ನನಗೆ ಕಂಡಿತು.

ಮೂರು ಗಂಟೆ ಕೂಗಿದೆವು. ತೋಟದವರೂ ಕೂಗಿದರು, ಅವರ ಮಕ್ಕಳು ಕೋಲು ಹಿಡಿದು ಪೊದೆಗಳನ್ನೆಲ್ಲ ಬಡಿದರು. ಮುಂದಿನ ಎರಡು ಭಾನುವಾರವೂ ಹೋಗಿ ಹುಡುಕಿದೆವು, ಸಿಗಲಿಲ್ಲ. ದಿಕ್ಕುತಪ್ಪಿದ ಮನೆಬೆಕ್ಕು ಸಾಮಾನ್ಯವಾಗಿ ದೂರ ಹೋಗುವುದಿಲ್ಲ, ತಪ್ಪಿಸಿಕೊಂಡ ಜಾಗದ ಹತ್ತಿರದಲ್ಲೇ ಎಲ್ಲಾದರೂ ಅಡಗಿ, ಸಾಕಿದವರ ದನಿ ಕೇಳಿದರೂ ಸೊಲ್ಲೆತ್ತದೆ ಕೂತಿರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಗದ್ದಲವೆಲ್ಲ ಅಡಗಿದ ಮೇಲೆ, ರಾತ್ರಿ ಒಬ್ಬಳೇ ಅಲ್ಲಿ ಸುಮ್ಮನೆ ಕಾದಿದ್ದರೆ ಬಂದಿರುತ್ತಿದ್ದಳೇನೋ. ನಾವು ಕೂಗಿ, ಬಡಿದು ಅವಳನ್ನು ಇನ್ನಷ್ಟು ಒಳಗೆ ಅಟ್ಟಿದೆವು. ಅಂದು ನಮ್ಮ ಕ್ಯಾರಿಯರ್ ಕೂಡ ಮನೆಯಲ್ಲೇ ಇತ್ತು.

ಪೆಟ್ಟಿಗೆಯಲ್ಲಿ ಹಾಕಿದರೆ ಕಿರುಚುತ್ತದೆ, ಅದು ಹಿಂಸೆಯಲ್ಲವೇ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಆ ಪೆಟ್ಟಿಗೆಯನ್ನು ನೀವು ವರ್ಷದಲ್ಲಿ ಎಷ್ಟು ಸಲ ಕೆಳಗಿಳಿಸುತ್ತೀರಿ? ಚುಚ್ಚುಮದ್ದಿನ ದಿನ ಮಾತ್ರ ಹೊರಬರುವ ಪೆಟ್ಟಿಗೆ ಕಂಡರೆ ಅದು ಕಿರುಚದೆ ಇನ್ನೇನು ಮಾಡೀತು? ನಮ್ಮ ಮನೆಯಲ್ಲಿ ಎರಡು ಕ್ಯಾರಿಯರುಗಳೂ ಹಜಾರದಲ್ಲಿ ಬಾಗಿಲು ತೆರೆದುಕೊಂಡು ವರ್ಷವಿಡೀ ಬಿದ್ದಿರುತ್ತವೆ. ಒಳಗೆ ನನ್ನ ಹಳೆಯ ಹತ್ತಿ ಸೀರೆಯ ತುಂಡು. ಮೊದಲ ವಾರ ಊಟದ ತಟ್ಟೆಯನ್ನು ಪೆಟ್ಟಿಗೆಯ ಹತ್ತಿರ ಇಟ್ಟೆ, ಎರಡನೆಯ ವಾರ ಹೊಸ್ತಿಲಿನಲ್ಲಿ, ಮೂರನೆಯ ವಾರ ಒಳಗೆ. ಆಮೇಲೆ ಬಾಗಿಲು ಮುಚ್ಚಿ ಒಂದು ನಿಮಿಷ, ಹಾಗೆಯೇ ಹಿಡಿದೆತ್ತಿ ಮನೆಯೊಳಗೊಂದು ಸುತ್ತು, ಕಾರಿನಲ್ಲಿಟ್ಟು ಎಂಜಿನ್ ಹಾಕದೆ ಐದು ನಿಮಿಷ, ಕಡೆಗೆ ಬೀದಿಯ ತಿರುವಿನವರೆಗೆ. ಒಟ್ಟು ಒಂದೂವರೆ ತಿಂಗಳು ಹಿಡಿಯಿತು. ಈಗ ಬೆಳ್ಳಿ ಮಧ್ಯಾಹ್ನದ ನಿದ್ದೆ ಮಾಡುವುದೇ ಅದರಲ್ಲಿ.

ಪೆಟ್ಟಿಗೆ ಬೆಕ್ಕಿಗೆ ಸೆರೆಮನೆಯಲ್ಲ. ನಾಯಿ ಮನುಷ್ಯನನ್ನು ನಂಬಿ ಬದುಕುತ್ತದೆ, ಬೆಕ್ಕು ಜಾಗವನ್ನು ನಂಬಿ ಬದುಕುತ್ತದೆ ಎನ್ನುವುದು ನಿಮಗೂ ಗೊತ್ತು. ತಾನು ಗಲ್ಲ ಉಜ್ಜಿ ವಾಸನೆ ಹಚ್ಚಿದ ಮೂಲೆಗಳೇ ಅದರ ಲೋಕ. ಕಾರಿಗೆ ಹತ್ತಿಸಿದಾಗ ಆ ಲೋಕ ಪೂರ್ತಿ ಕಳೆದುಹೋಗುತ್ತದೆ. ಅದರ ಒಂದು ಮೂಲೆಯನ್ನಾದರೂ ಜೊತೆಗೆ ಒಯ್ಯುವ ಉಪಾಯ ಈ ಪೆಟ್ಟಿಗೆ. ಅದನ್ನು ಮುಂದಿನ ಸೀಟಿನ ಹಿಂದಿನ ನೆಲದಲ್ಲಿ ಅಲ್ಲಾಡದಂತೆ ಸಿಕ್ಕಿಸಿ, ಮೇಲೆ ತೆಳುಬಟ್ಟೆ ಹೊದಿಸಿ, ಗಾಳಿಯಾಡಲು ಒಂದು ಬದಿ ಬಿಟ್ಟರೆ, ಅಭ್ಯಾಸವಾದ ಬೆಕ್ಕು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತದೆ. ನಮ್ಮ ಸೀನು ನೆಲಮಂಗಲದವರೆಗೆ ಕೂಗುತ್ತಾನೆ, ಆಮೇಲೆ ತುಮಕೂರು ಬಂದದ್ದೂ ಅವನಿಗೆ ಗೊತ್ತಾಗುವುದಿಲ್ಲ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ನಿಲ್ಲಿಸುವುದರಿಂದ ವಾಂತಿಯ ಕಾಟವೂ ಇಲ್ಲ. ಇಷ್ಟಾದರೂ ತಡೆಯದ ಬೆಕ್ಕುಗಳಿವೆ. ಅಂಥವಕ್ಕೆ ಪಶುವೈದ್ಯರು ಪರೀಕ್ಷಿಸಿ ಗ್ಯಾಬಪೆಂಟಿನ್‌ನಂತಹ ಔಷಧಿ ಬರೆದುಕೊಡುತ್ತಾರೆ. ಮನುಷ್ಯರ ಮಾತ್ರೆಯನ್ನು ಮುರಿದು ಹಾಕುವ ಕೆಲಸವನ್ನು ಮಾತ್ರ ಯಾರೂ ಮಾಡಬೇಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಅಜ್ಜಿಯ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಗೋಣಿಚೀಲಕ್ಕೆ ಹಾಕಿ ಒಯ್ಯುತ್ತಿರಲಿಲ್ಲವೇ ಎಂದು ನನ್ನ ಸೋದರಮಾವನೇ ಕೇಳಿದ್ದಾರೆ. ಒಯ್ಯುತ್ತಿದ್ದರು ಮಾವ, ಆದರೆ ಹಾಗೆ ಒಯ್ದದ್ದು ಹೊಳೆಯಾಚೆ ಬಿಟ್ಟು ಬರಲಿಕ್ಕೆ. ತಿರುಗಿ ಮನೆಯ ದಾರಿ ಕಾಣದಿರಲೆಂದು ಚೀಲದ ಬಾಯಿ ಕಟ್ಟುತ್ತಿದ್ದರು. ಮನೆಮಗಳಂತೆ ಸಾಕಿದ್ದನ್ನು ಕರೆದೊಯ್ಯಲು ಆ ಉದಾಹರಣೆಯನ್ನು ನಾನು ಒಪ್ಪುವುದಿಲ್ಲ.

ನಿನ್ನೆಯ ಆ ಕುಟುಂಬದವರು ಬೆಕ್ಕನ್ನು ಕಾರಿನಲ್ಲೇ ಬಿಟ್ಟು, ಗಾಜು ಎರಡು ಬೆರಳು ಇಳಿಸಿ, ಎಲ್ಲರೂ ಒಟ್ಟಿಗೆ ತಿಂಡಿಗೆ ಹೋಗುವುದೆಂದು ಮೊದಲು ಯೋಚಿಸಿದ್ದರಂತೆ. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ, ಅರ್ಧ ಗಂಟೆಗೆ ಸುಮಾರು 19 ಡಿಗ್ರಿ ಶಾಖ ಏರುತ್ತದೆ. ಹೊರಗೆ 28 ಇದ್ದರೆ ಒಳಗೆ 47. ಎರಡು ಬೆರಳ ಸಂದಿಯಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಬೆಕ್ಕು ಬೆವರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಒಂದು ದೋಸೆ, ಒಂದು ಕಾಫಿ ಮುಗಿಸುವಷ್ಟು ಹೊತ್ತು ಸಾಕು.

ಅಲ್ಲಿದ್ದವರನ್ನೆಲ್ಲ ದೂರ ಸರಿಸಿ, ಹುಡುಗಿಯೊಬ್ಬಳನ್ನೇ ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಾದೆ. ಹೋಟೆಲಿನ ಹುಡುಗ ಅಡುಗೆಮನೆಯ ಹಿಂದಿನಿಂದ ಎರಡು ಟೊಮೆಟೊ ಕ್ರೇಟ್ ತಂದುಕೊಟ್ಟ. "ಆಂಟಿ, ಅದಕ್ಕೆ ನನ್ನ ಮೇಲೆ ಕೋಪಾನಾ?" ಎಂದು ಅವಳು ಕೇಳಿದಳು. ಇಲ್ಲ ಪುಟ್ಟಿ, ಹೆದರಿಕೆ ಅಷ್ಟೇ ಎಂದೆ. ಇಪ್ಪತ್ತು ನಿಮಿಷವಾದ ಮೇಲೆ ಬೆಕ್ಕಿನ ಬಾಯಿ ಮುಚ್ಚಿತು, ಕಿವಿ ಒಂದಿಷ್ಟು ನೆಟ್ಟಗಾಯಿತು. ನಮ್ಮ ಟವೆಲ್ ಹಾಕಿ ಮೆತ್ತಗೆ ಸುತ್ತಿ ಹಿಡಿದು ಒಂದು ಕ್ರೇಟಿನೊಳಗೆ ಇಳಿಸಿ, ಇನ್ನೊಂದನ್ನು ಮೇಲೆ ಬೋರಲು ಹಾಕಿ, ನಾಲ್ಕೂ ಬದಿ ಸುತಳಿಯಿಂದ ಬಿಗಿದೆವು. ಹುಡುಗಿಯ ತಾಯಿ ತಮ್ಮ ವೇಲನ್ನೇ ತೆಗೆದು ಅದರ ಮೇಲೆ ಹೊದಿಸಿದರು. ಬೆಕ್ಕು ಎರಡು ಸಲ ಕೂಗಿ, ಟವೆಲಿನೊಳಗೆ ಮುಖ ಹುದುಗಿಸಿಕೊಂಡಿತು. ಅವರು ಕಡೂರಿನವರೆಗೆ ಹೋಗುವವರಿದ್ದರು. ಸಂಜೆ ಫೋನ್ ಮಾಡಿ, ದಾರಿಯುದ್ದಕ್ಕೂ ಮಲಗಿಯೇ ಬಂತೆಂದು ತಿಳಿಸಿದರು.

ಈ ರಜೆಯಲ್ಲಿ ಬೆಕ್ಕಿನೊಂದಿಗೆ ಊರಿಗೆ ಹೊರಡುವವರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇವತ್ತೇ ಇಳಿಸಿ, ಒರೆಸಿ, ಹಜಾರದಲ್ಲಿ ಬಾಗಿಲು ತೆರೆದಿಡಿ. ಪೆಟ್ಟಿಗೆಯೇ ಇಲ್ಲದವರು ನನಗೆ ಮೆಸೆಂಜರಿನಲ್ಲಿ ತಿಳಿಸಿ. ಕೆಂಚಿಯ ಕ್ಯಾರಿಯರ್ ನಮ್ಮಲ್ಲಿ ಹಾಗೆಯೇ ಇದೆ, ಇಷ್ಟು ವರ್ಷ ಯಾರಿಗೂ ಕೊಡಲು ಮನಸ್ಸು ಬಂದಿರಲಿಲ್ಲ. ನಿನ್ನೆ ರಾತ್ರಿ ಅದನ್ನು ತೊಳೆದು ಒಣಗಲು ಇಟ್ಟಿದ್ದೇನೆ.